ಬೆಚ್ಚಗಾಗಬೇಕಿರುವುದು ಮೈ, ಕಾರಲ್ಲ

ದೀಪಾವಳಿ ಮುಗಿದು ಕಾರ್ತಿಕ ಕಳೆಯುವ ಹೊತ್ತಿಗೆ ದೆಹಲಿ, ನೊಯ್ಡಾ, ಗುರುಗ್ರಾಮದ ಕನ್ನಡಿಗರ ಮಾತುಕತೆಯಲ್ಲಿ ಒಂದು ಹೊಸ ದೂರು ಸೇರಿಕೊಳ್ಳುತ್ತದೆ. ಹೈಬ್ರಿಡ್ ಕಾರು ಕೊಂಡವರ ದೂರು ಅದು. ‘ಸೆಪ್ಟೆಂಬರ್‌ವರೆಗೆ ಲೀಟರಿಗೆ ಇಪ್ಪತ್ತೆರಡು ಕೊಡುತ್ತಿದ್ದ ಗಾಡಿ ಈಗ ಹದಿನೆಂಟಕ್ಕೆ ಇಳಿದಿದೆ. ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಆರುವುದಿಲ್ಲ. ಸರ್ವಿಸ್‌ಗೆ ಬಿಟ್ಟರೆ ಏನೂ ದೋಷವಿಲ್ಲ ಎಂದು ವಾಪಸ್ ಕಳಿಸುತ್ತಾರೆ.’ ಹೀಗೆ ಹೇಳುವವರು ಹೆಚ್ಚಾಗುತ್ತಿದ್ದಾರೆ. ಏಕೆಂದರೆ 2022ರಲ್ಲಿ ಹೋಂಡಾ ಸಿಟಿ, ಗ್ರ್ಯಾಂಡ್ ವಿಟಾರಾ, ಹೈರೈಡರ್, ಇನ್ನೋವಾ ಹೈಕ್ರಾಸ್ ಒಂದರ ಹಿಂದೊಂದು ಬಂದ ಮೇಲೆ ಹೈಬ್ರಿಡ್ ಎಂಬುದು ಮಧ್ಯಮ ವರ್ಗದ ಮನೆಬಾಗಿಲಿಗೆ ಬಂತು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಇಂಥ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿದಾಗ ನೊಯ್ಡಾ, ಗಾಜಿಯಾಬಾದ್‌ನಲ್ಲಿ ಕೊಳ್ಳುವವರಿಗೆ ಇನ್ನಷ್ಟು ಉತ್ಸಾಹ ಬಂತು.

ಮೇಲಿನ ದೂರಿನಲ್ಲಿ ಬಹುಪಾಲು ಸಂದರ್ಭಗಳಲ್ಲಿ ಕಾರಿನ ತಪ್ಪಿಲ್ಲ. ಉತ್ತರ ಇರುವುದು ಡ್ಯಾಶ್‌ಬೋರ್ಡಿನ ಹೀಟರ್ ಗುಂಡಿಯಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕಾರು ಕಲಿತ ನಮಗೆ ಆ ಗುಂಡಿಯ ಪರಿಚಯವೇ ಇರುವುದಿಲ್ಲ. ಅಲ್ಲಿ ಹದಿನೈದು ಡಿಗ್ರಿಗೆ ಮಫ್ಲರ್ ಸುತ್ತಿಕೊಳ್ಳುವ ನಾವು, ಇಲ್ಲಿ ಬೇರೆಯದೇ ಚಳಿಗೆ ಬಂದು ಬಿದ್ದಿದ್ದೇವೆ. 2019ರ ಡಿಸೆಂಬರ್ 30ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಹಗಲಿನ ಗರಿಷ್ಠ ತಾಪಮಾನವೇ 9.4 ಡಿಗ್ರಿ ದಾಟಲಿಲ್ಲ. 2021ರ ಜನವರಿ 1ರ ಬೆಳಿಗ್ಗೆ ಕನಿಷ್ಠ ತಾಪಮಾನ 1.1 ಡಿಗ್ರಿಗೆ ಇಳಿದಿತ್ತು. ಅಂಥ ಬೆಳಿಗ್ಗೆ ಕಾರಿಗೆ ಹತ್ತಿದವರು ಮೊದಲು ಮಾಡುವ ಕೆಲಸ ಹೀಟರನ್ನು 28ಕ್ಕೆ ತಿರುಗಿಸುವುದು. ಹೈಬ್ರಿಡ್ ಕಾರಿನ ಮೈಲೇಜ್ ಜಾರುವುದು ಅಲ್ಲಿಂದಲೇ.

ಕೋಡೊಲೆಯ ಲೆಕ್ಕ

ನಮ್ಮ ಹಳೆಯ ಅಡುಗೆಮನೆಗಳಲ್ಲಿ ದೊಡ್ಡ ಒಲೆಯ ಪಕ್ಕದಲ್ಲೊಂದು ಕೋಡೊಲೆ ಇರುತ್ತಿತ್ತು. ಅದಕ್ಕೆ ಬೇರೆ ಸೌದೆ ಬೇಡ. ಅನ್ನ ಬೇಯಿಸುವ ಬೆಂಕಿಯ ಉಳಿದ ಕಾವು ಪಕ್ಕಕ್ಕೆ ಹರಿದು, ಅಲ್ಲಿಟ್ಟ ಸಾರು ಬಿಸಿಯಾಗಿಯೇ ಇರುತ್ತಿತ್ತು. ಸಾಮಾನ್ಯ ಪೆಟ್ರೋಲ್ ಕಾರಿನ ಹೀಟರ್ ಇಂಥ ಕೋಡೊಲೆ. ಪೆಟ್ರೋಲಿನಲ್ಲಿರುವ ಶಕ್ತಿಯ ಬಹುಭಾಗ ಚಕ್ರ ತಿರುಗಿಸದೆ ಶಾಖವಾಗಿ ಹೊರಹೋಗುತ್ತದೆ. ಎಂಜಿನ್ ಸುತ್ತ ಹರಿಯುವ ಕೂಲಂಟ್ ದ್ರವ ಅದರಲ್ಲಿ ಒಂದಷ್ಟನ್ನು ಹೀರಿಕೊಂಡು ಸುಮಾರು 90 ಡಿಗ್ರಿಯವರೆಗೆ ಕಾಯುತ್ತದೆ. ಹೀಟರ್ ಹಾಕಿದಾಗ ಆ ಬಿಸಿ ದ್ರವದ ಪುಟ್ಟ ರೇಡಿಯೇಟರ್ ಮೇಲೆ ಗಾಳಿ ಬೀಸಿ ನಮ್ಮ ಕಾಲಬುಡಕ್ಕೆ ಬರುತ್ತದೆ. ಹೇಗಿದ್ದರೂ ಪೋಲಾಗುವ ಶಾಖ ಅದು. ಹಾಗಾಗಿ ಪುಕ್ಕಟೆ.

ಹೈಬ್ರಿಡ್ ಕಾರು ಹುಟ್ಟಿದ್ದೇ ಈ ಪೋಲನ್ನು ತಡೆಯಲು. ಅದರ ಅಟ್ಕಿನ್ಸನ್ ಮಾದರಿಯ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಇಂಧನದ ಶಕ್ತಿಯ ಶೇ 40ರ ಆಸುಪಾಸಿನಷ್ಟನ್ನು ಕೆಲಸಕ್ಕೆ ಹಚ್ಚುತ್ತದೆ. ಅಂದರೆ ಬಿಡುವ ಶಾಖ ಕಡಿಮೆ. ಜೊತೆಗೆ ಸಿಗ್ನಲ್‌ನಲ್ಲಿ, ಆಮೆವೇಗದ ಟ್ರಾಫಿಕ್‌ನಲ್ಲಿ, ಇಳಿಜಾರಿನಲ್ಲಿ ಎಂಜಿನ್ ಆರಿಯೇ ಹೋಗುತ್ತದೆ, ಮೋಟರು ಕಾರನ್ನು ಒಯ್ಯುತ್ತದೆ. ಎಂಜಿನ್ ಆರಿದಷ್ಟೂ ಉಳಿತಾಯ. ಆದರೆ ಎಂಜಿನ್ ಆರಿದಷ್ಟೂ ಕೂಲಂಟ್ ತಣ್ಣಗಾಗುತ್ತದೆ.

ಈಗ ಹೀಟರ್ 28ರಲ್ಲಿದೆ ಎಂದುಕೊಳ್ಳಿ. ಕ್ಯಾಬಿನ್ನಿಗೆ ಬೇಕಾದಷ್ಟು ಬಿಸಿ ಕೂಲಂಟಿನಲ್ಲಿಲ್ಲ ಎಂದು ಕಾರಿನ ಕಂಪ್ಯೂಟರಿಗೆ ತಿಳಿಯುತ್ತದೆ. ಅದು ಎಂಜಿನ್ನಿಗೆ ಓಡು ಎನ್ನುತ್ತದೆ. ಬ್ಯಾಟರಿ ತುಂಬಿದ್ದರೂ, ಕಾರು ಸಿಗ್ನಲ್‌ನಲ್ಲಿ ನಿಂತಿದ್ದರೂ ಎಂಜಿನ್ ಓಡುತ್ತದೆ. ಅನ್ನ ಆಗಲೇ ಬೆಂದಿದೆ, ದೊಡ್ಡ ಒಲೆಯಲ್ಲಿ ಪಾತ್ರೆಯೇ ಇಲ್ಲ. ಕೋಡೊಲೆಯ ಸಾರು ಬಿಸಿಯಾಗಿರಲಿ ಎಂದು ದೊಡ್ಡ ಒಲೆಗೆ ಸೌದೆ ಒಡ್ಡುತ್ತಿದ್ದೇವೆ. ಬೇಸಿಗೆಯ ಎ.ಸಿ.ಗೆ ಈ ಕಷ್ಟವಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎ.ಸಿ. ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ಎಂಜಿನ್ ಆರಿದ್ದರೂ ತಂಪು ಸಿಗುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿಯೇ ನಡೆದುಕೊಂಡ ಕಾರು ಜನವರಿಯಲ್ಲಿ ಮುನಿಸಿಕೊಂಡಂತೆ ಕಾಣುವುದು ಇದೇ ಕಾರಣಕ್ಕೆ.

ಒಂದು ಸ್ಪಷ್ಟನೆ. ‘ಮೈಲ್ಡ್ ಹೈಬ್ರಿಡ್’ ಎಂದು ಮಾರಾಟವಾಗುವ ಕಾರುಗಳಲ್ಲಿ ಚಲಿಸುವಾಗ ಎಂಜಿನ್ ಸದಾ ಓಡುತ್ತಲೇ ಇರುತ್ತದೆ, ಮೋಟರು ಕೈಜೋಡಿಸುತ್ತದೆ ಅಷ್ಟೆ. ಅಲ್ಲಿ ಹೀಟರ್ ಹಳೆಯ ಕೋಡೊಲೆಯೇ. ಇಲ್ಲಿ ಹೇಳುತ್ತಿರುವುದು ಮೋಟರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳ ಬಗ್ಗೆ.

ದೆಹಲಿ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ‘ರೆಡ್ ಲೈಟ್ ಆನ್, ಗಾಡಿ ಆಫ್’ ಎಂಬ ಅಭಿಯಾನ ಆರಂಭಿಸಿತ್ತು. ಕೆಂಪು ದೀಪದಲ್ಲಿ ಎಂಜಿನ್ ಆರಿಸಿ, ಹೊಗೆ ಕಡಿಮೆ ಮಾಡಿ ಎಂಬುದು ಅದರ ಕೋರಿಕೆ. ಹೈಬ್ರಿಡ್ ಕಾರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಅದರ ಸ್ವಭಾವವೇ ಅದು. ಆ ಸ್ವಭಾವವನ್ನು ಹೊಗೆ ಅತಿ ದಟ್ಟವಾಗಿರುವ ತಿಂಗಳುಗಳಲ್ಲೇ ನಾವು ಹೀಟರ್ ಗುಂಡಿಯಿಂದ ಕೆಡಿಸುತ್ತಿದ್ದೇವೆ.

ನಷ್ಟ ಎಷ್ಟು?

ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ ಹೀಗಿದೆ: ತಾಪಮಾನ 25 ಡಿಗ್ರಿಯಿಂದ ಮೈನಸ್ 7 ಡಿಗ್ರಿಗೆ ಇಳಿದಾಗ ನಗರದ ಓಡಾಟದಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇ 15ರಷ್ಟು ಕುಸಿಯುತ್ತದೆ. ಹೈಬ್ರಿಡ್ ಕಾರಿನದು ಶೇ 30ರಿಂದ 34ರಷ್ಟು. ದೆಹಲಿ ಅಷ್ಟು ತಣ್ಣಗಾಗುವುದಿಲ್ಲ, ಆದ್ದರಿಂದ ನಷ್ಟವೂ ಅಷ್ಟಾಗದು. ಆದರೆ ಗಮನಿಸಬೇಕಾದದ್ದು ಅನುಪಾತವನ್ನು. ಚಳಿಗೆ ಹೈಬ್ರಿಡ್ ಇತರ ಕಾರುಗಳಿಗಿಂತ ದುಪ್ಪಟ್ಟು ಬೆಲೆ ತೆರುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳ ಪ್ರಮಾಣಿತ ಮೈಲೇಜ್ ಲೀಟರಿಗೆ 27.97 ಕಿ.ಮೀ. ಅಂಥ ಅಂಕಿ ಬರುವುದು ಹದವಾದ ತಾಪಮಾನದ ಪ್ರಯೋಗಾಲಯದಲ್ಲಿ. ಹೀಟರಿನ ಖರ್ಚು ಅದರಲ್ಲಿ ಸೇರುವುದಿಲ್ಲ.

ರೂಪಾಯಿಯಲ್ಲಿ ನೋಡೋಣ. ತಿಂಗಳಿಗೆ 900 ಕಿ.ಮೀ. ಓಡಿಸುವವರಿಗೆ ಲೀಟರಿಗೆ 22 ಕಿ.ಮೀ. ಸಿಕ್ಕರೆ 41 ಲೀಟರ್ ಬೇಕು, 18 ಸಿಕ್ಕರೆ 50 ಲೀಟರ್. ಒಂಬತ್ತು ಲೀಟರ್ ಹೆಚ್ಚು. ಲೀಟರಿಗೆ 95 ರೂಪಾಯಿ ಹಿಡಿದರೆ ಸುಮಾರು 855 ರೂಪಾಯಿ. ಚಳಿಯ ಮೂರು ತಿಂಗಳಿಗೆ ಎರಡೂವರೆ ಸಾವಿರ ಚಿಲ್ಲರೆ. ಯಾರ ಮನೆಯೂ ಮುಳುಗುವ ಮೊತ್ತವಲ್ಲ ಇದು, ಒಪ್ಪೋಣ. ಆದರೆ ಹೈಬ್ರಿಡ್ ಕೊಳ್ಳಲು ಲಕ್ಷಾಂತರ ರೂಪಾಯಿ ಹೆಚ್ಚು ಕೊಟ್ಟವರು ಅದನ್ನು ಮೈಲೇಜಿನಲ್ಲಿ ವಾಪಸ್ ಪಡೆಯುವ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕದ ಕಾಲುಭಾಗ ವರ್ಷ ಕೈಕೊಡುತ್ತದೆ. ಜೊತೆಗೆ, ಆ ಒಂಬತ್ತು ಲೀಟರ್‌ನ ಹೊಗೆ ಹೋಗುವುದು ನಮ್ಮ ಮಕ್ಕಳು ಉಸಿರಾಡುವ ಗಾಳಿಗೇ.

ಹಾಗೆಂದು ನಡುಗುತ್ತ ಓಡಿಸಬೇಕೇ? ಖಂಡಿತ ಬೇಡ. ಬೆರಳು ಮರಗಟ್ಟಿದವನು ಸ್ಟೀರಿಂಗ್ ಹಿಡಿಯುವುದು ಅಪಾಯ. ನಮ್ಮ ವಾದ ಇಷ್ಟೇ: ಎಂಟು ಜನ ಕೂರುವ ಗಾಜಿನ ಪೆಟ್ಟಿಗೆಯನ್ನು ಕಾಯಿಸುವುದಕ್ಕಿಂತ ಒಳಗೆ ಕೂತ ಇಬ್ಬರ ಮೈಯನ್ನು ಬೆಚ್ಚಗಿಡುವುದು ಸುಲಭ, ಅಗ್ಗ, ವಿವೇಕದ ಕೆಲಸ.

ಮೈಗೆ ಮೊದಲು

ಮೊದಲ ಹತ್ತು ನಿಮಿಷದ ಚಳಿಯನ್ನು ಬಟ್ಟೆಯಿಂದಲೇ ನಿಭಾಯಿಸಬೇಕು. ತಣ್ಣನೆಯ ಎಂಜಿನ್ ಹೊತ್ತಿಕೊಂಡ ತಕ್ಷಣ ಹೀಟರ್ ಫ್ಯಾನ್ ಹಾಕಿದರೆ ಬರುವುದು ತಣ್ಣನೆ ಗಾಳಿ. ಕಾಯುತ್ತಿರುವ ಕೂಲಂಟಿನ ಶಾಖವನ್ನೂ ಅದು ಕದಿಯುತ್ತದೆ, ಎಂಜಿನ್ ಇನ್ನೂ ನಿಧಾನವಾಗಿ ಬಿಸಿಯಾಗುತ್ತದೆ. ಎರಡು–ಮೂರು ಕಿಲೋಮೀಟರ್ ಕಳೆದ ಮೇಲೆ ಹೀಟರ್ ಹಾಕಿ. 28ರ ಬದಲು 20 ಅಥವಾ 21ಕ್ಕೆ ಇಡಿ. ಇಕೋ ಮೋಡ್ ಇದ್ದರೆ ಬಳಸಿ. ಹಲವು ಮಾದರಿಗಳಲ್ಲಿ ಅದು ಹೀಟರಿನ ಹಸಿವನ್ನೂ ತಗ್ಗಿಸುತ್ತದೆ. ಮನೆ ಅಥವಾ ಕಚೇರಿ ಎರಡು ಕಿಲೋಮೀಟರ್ ಇರುವಾಗಲೇ ಹೀಟರ್ ಇಳಿಸಿದರೂ ಒಳಗಿನ ಬಿಸಿ ಅಷ್ಟು ಬೇಗ ಆರುವುದಿಲ್ಲ.

ಕಾರು ನಿಲ್ಲಿಸಿಕೊಂಡು ಹತ್ತು ನಿಮಿಷ ಎಂಜಿನ್ ಕಾಯಿಸುವ ಅಭ್ಯಾಸ ಕಾರ್ಬ್ಯುರೇಟರ್ ಕಾಲದ್ದು. ಇಂದಿನ ಎಂಜಿನ್ನಿಗೆ ಅರ್ಧ ನಿಮಿಷ ಸಾಕು. ನಿಧಾನವಾಗಿ ಓಡಿಸಿದರೆ ನಿಂತಲ್ಲಿಗಿಂತ ಬೇಗ ಬಿಸಿಯಾಗುತ್ತದೆ. ತುಸು ದೂರದ ಓಡಾಟಗಳೇ ಅತಿ ದುಬಾರಿ. ಬೆಳಿಗ್ಗೆ ಹಾಲಿಗೆ, ಮಧ್ಯಾಹ್ನ ತರಕಾರಿಗೆ, ಸಂಜೆ ಔಷಧಿಗೆ ಎಂದು ಮೂರು ಬಾರಿ ಹೊರಟರೆ ಮೂರು ಬಾರಿ ತಣ್ಣನೆ ಎಂಜಿನ್ ಕಾಯಿಸಿದಂತೆ. ಒಂದೇ ಸುತ್ತಿನಲ್ಲಿ ಮುಗಿಸಿ, ಅಥವಾ ನಡೆದು ಹೋಗಿ. ಮೈಗೂ ಬೆಚ್ಚಗಾಗುತ್ತದೆ.

ಹೆದ್ದಾರಿಯ ಮಾತು ಬೇರೆ. ಜೈಪುರಕ್ಕೋ ಚಂಡೀಗಢಕ್ಕೋ ಹೊರಟಾಗ ಎಂಜಿನ್ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ. ಅಲ್ಲಿ ಕೋಡೊಲೆ ಮತ್ತೆ ಪುಕ್ಕಟೆ. ಸಂಕೋಚವಿಲ್ಲದೆ ಹೀಟರ್ ಹಾಕಿಕೊಳ್ಳಿ. ಆದರೆ ತೀರಾ ಬೆಚ್ಚಗಿನ ಕ್ಯಾಬಿನ್ ಕಣ್ಣು ಎಳೆಯುತ್ತದೆ ಎಂಬುದು ನೆನಪಿರಲಿ. ಮಂಜು ಕವಿದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ತೂಕಡಿಕೆಗೆ ಜಾಗವಿಲ್ಲ.

ಬಟ್ಟೆಯ ವಿಷಯದಲ್ಲೂ ಒಂದು ಎಚ್ಚರ. ಉಬ್ಬಿದ ದಪ್ಪ ಜಾಕೆಟ್ ಮೇಲೆ ಸೀಟ್ ಬೆಲ್ಟ್ ಹಾಕಿದರೆ ಬೆಲ್ಟ್ ಮೈಗೆ ಅಂಟುವುದಿಲ್ಲ. ಡಿಕ್ಕಿಯಾದರೆ ಜಾಕೆಟ್ ಚಪ್ಪಟೆಯಾಗಿ ಬೆಲ್ಟ್ ಸಡಿಲಗೊಳ್ಳುತ್ತದೆ. ಮಕ್ಕಳ ಸೀಟಿನಲ್ಲಿ ಇದು ಇನ್ನೂ ಅಪಾಯಕರ. ತೆಳುವಾದ ಎರಡು ಮೂರು ಪದರ ಉಣ್ಣೆ ತೊಡಿಸಿ, ಬೆಲ್ಟ್ ಬಿಗಿದ ಮೇಲೆ ಶಾಲನ್ನೋ ಊರಿಂದ ತಂದ ಕಂಬಳಿಯನ್ನೋ ಹೊದಿಸುವುದು ಸರಿಯಾದ ಕ್ರಮ. ಹಿಂದಿನ ಸೀಟಿನಲ್ಲಿ ಕಂಬಳಿ, ಚೀಲ ಪೇರಿಸುವವರು ಮ್ಯಾನ್ಯುಯಲ್ ಒಮ್ಮೆ ತೆರೆಯಿರಿ. ಕೆಲವು ಮಾದರಿಗಳಲ್ಲಿ ಹೈಬ್ರಿಡ್ ಬ್ಯಾಟರಿ ಉಸಿರಾಡುವ ಕಿಂಡಿ ಸೀಟಿನ ಪಕ್ಕದಲ್ಲೇ ಇರುತ್ತದೆ. ಅದನ್ನು ಮುಚ್ಚಬಾರದು.

ಟೈರಿನ ಗಾಳಿಯನ್ನೂ ಮರೆಯಬೇಡಿ. ತಾಪಮಾನ ಸುಮಾರು ಐದೂವರೆ ಡಿಗ್ರಿ ಇಳಿದರೆ ಒತ್ತಡ ಒಂದು ಪಿಎಸ್ಐ ಇಳಿಯುತ್ತದೆ. ಅಕ್ಟೋಬರ್‌ನ ಮಧ್ಯಾಹ್ನ ತುಂಬಿಸಿದ 33, ಜನವರಿಯ ಬೆಳಿಗ್ಗೆ 29ರ ಆಸುಪಾಸಿಗೆ ಬಂದಿರುತ್ತದೆ. ಹೀಟರನ್ನು ಬೈಯುವ ಮೊದಲು ಗಾಳಿ ನೋಡಿಸಿ.

ಗಾಜು ಮಸುಕಾದರೆ ಮಾತ್ರ ಉಳಿತಾಯದ ಮಾತು ಬೇಡ. ಡಿಫಾಗರ್ ಒತ್ತಿ, ಎ.ಸಿ. ಮತ್ತು ಬಿಸಿ ಎರಡನ್ನೂ ಸೇರಿಸಿ. ಎ.ಸಿ. ತೇವವನ್ನು ಹಿಂಡುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ಹೊರಗಿನ ಗಾಳಿ ಒಳಬರುವಂತೆ ಇಡಿ. ಇಲ್ಲಿ ದೆಹಲಿಯವರಿಗೆ ಇಕ್ಕಟ್ಟು: ಹೊರಗಿನ ಗಾಳಿ ಎಂದರೆ ಹೊಗೆ. ಟ್ರಾಫಿಕ್ ದಟ್ಟವಾಗಿರುವಾಗ ಸ್ವಲ್ಪ ಹೊತ್ತು ಒಳಗಿನ ಗಾಳಿಯನ್ನೇ ಸುತ್ತಿಸಿ, ರಸ್ತೆ ತೆರವಾದಾಗ ಹೊರಗಿನದನ್ನು ಬಿಡುವುದು ನಡುದಾರಿ. ಚಳಿಗಾಲದ ಮುಂಚೆ ಕ್ಯಾಬಿನ್ ಫಿಲ್ಟರ್ ಬದಲಿಸಿದರೆ ಎರಡಕ್ಕೂ ಅನುಕೂಲ.

ಸದ್ದಿಲ್ಲದ ಅಪಾಯ

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು. ಮುಂದಿನದು ಜೀವದ ಮಾತು.

ಹೈಬ್ರಿಡ್ ಕಾರು ‘ರೆಡಿ’ ಸ್ಥಿತಿಯಲ್ಲಿರುವಾಗ ಸದ್ದು ಮಾಡುವುದಿಲ್ಲ. ನೋಡುವವರಿಗೆ ಆರಿದ ಕಾರಿನಂತೆಯೇ ಇರುತ್ತದೆ. ಆದರೆ ಒಳಗೆ ತಣ್ಣಗಾದಾಗ ಅಥವಾ ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಹೊತ್ತಿಕೊಳ್ಳುತ್ತದೆ. ಹೀಟರ್ ಹಾಕಿ ಮುಚ್ಚಿದ ಗ್ಯಾರೇಜಿನಲ್ಲೋ ಬೇಸ್‌ಮೆಂಟಿನ ಮೂಲೆಯಲ್ಲೋ ಕಣ್ಣುಮುಚ್ಚಿದವರಿಗೆ ಅದು ಗೊತ್ತೇ ಆಗುವುದಿಲ್ಲ. ತಣ್ಣನೆ ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು, ಏಕೆಂದರೆ ಅದನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಮಂಪರಿನಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಹೋಗುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಓದುತ್ತೇವೆ. ಅದೇ ಅನಿಲ, ಅದೇ ಸಾವು.

ಆದ್ದರಿಂದ ಮೂರು ಮಾತು ಮನೆಯವರಿಗೆಲ್ಲ ತಿಳಿದಿರಲಿ. ಮುಚ್ಚಿದ ಜಾಗದಲ್ಲಿ ಕಾರನ್ನು ‘ರೆಡಿ’ಯಲ್ಲಿ ಬಿಡಬಾರದು. ಇಳಿಯುವ ಮುನ್ನ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಗಿದೆಯೇ ನೋಡಬೇಕು. ಹೀಟರ್ ಹಾಕಿ ಕಾರಿನಲ್ಲಿ ನಿದ್ದೆ ಮಾಡಬಾರದು, ಬಯಲಿನಲ್ಲಿ ನಿಲ್ಲಿಸಿದ್ದರೂ.

ಸಂಕ್ರಾಂತಿಗೋ ಊರಿನ ಜಾತ್ರೆಗೋ ಎರಡು ಮೂರು ವಾರ ಕರ್ನಾಟಕಕ್ಕೆ ಹೊರಡುವವರಿಗೆ ಇದರ ಇನ್ನೊಂದು ಮುಖ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿಯ ಜೊತೆ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ಕಂಪ್ಯೂಟರ್ ಎಚ್ಚರವಾಗುವುದು ಅದರಿಂದ. ಚಳಿಯಲ್ಲಿ ನಿಂತೇ ಇದ್ದರೆ ಅದು ಸೋರಿ, ವಾಪಸ್ ಬಂದಾಗ ಕಾರು ‘ರೆಡಿ’ಯೇ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಒಂದು ಸುತ್ತು ಓಡಿಸಿ ಬರಲು ಹೇಳಿ. ಬೇಸ್‌ಮೆಂಟಿನಲ್ಲೇ ಆನ್ ಮಾಡಿಟ್ಟು ಮೇಲೆ ಹೋಗಬೇಡಿ ಎಂದೂ ಹೇಳಿ.

ಕಾಯುವ ಚಾಲಕನ ಚಳಿ

ನಮ್ಮಲ್ಲಿ ಅನೇಕರ ಕಾರು ಓಡಿಸುವವರು ಬೇರೆಯವರು. ಮದುವೆ ಆರತಕ್ಷತೆಯೋ ಸಂಘದ ರಾಜ್ಯೋತ್ಸವ ಕಾರ್ಯಕ್ರಮವೋ ಇದ್ದಾಗ ನಾವು ಒಳಗೆ ಬಿಸಿಬೇಳೆಬಾತ್ ತಿನ್ನುತ್ತಿರುತ್ತೇವೆ, ಚಾಲಕ ಹೊರಗೆ ಏಳು ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಕಾರಿನೊಳಗೆ ಕೂತಿರುತ್ತಾನೆ. ಹೀಟರ್ ಹಾಕಿಕೊಂಡರೆ ಪೆಟ್ರೋಲ್ ಸುಟ್ಟನೆಂದು ಬೈಯುವವರೂ ಇದ್ದಾರೆ. ಹಾಕಿಕೊಂಡು ಗಾಜು ಏರಿಸಿ ಮಲಗಿದರೆ ಮೇಲೆ ಹೇಳಿದ ಅಪಾಯ. ಉಳಿತಾಯದ ಪಾಠವನ್ನು ಅವನ ಮೈಮೇಲೆ ಪ್ರಯೋಗಿಸುವುದು ಅನ್ಯಾಯ. ಕಾರ್ಯಕ್ರಮ ನಡೆಸುವವರು ಚಾಲಕರಿಗೆಂದು ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ತಟ್ಟೆ ಊಟ, ಬಿಸಿ ಚಹಾ ಇಡುವುದು ದೊಡ್ಡ ಖರ್ಚೇನಲ್ಲ. ಹೊರನಾಡಿನ ಕನ್ನಡ ಸಂಘಗಳು ಇದನ್ನು ರೂಢಿ ಮಾಡಿಕೊಂಡರೆ ಬೇರೆಯವರೂ ನೋಡಿ ಕಲಿಯುತ್ತಾರೆ. ಅಪಾರ್ಟ್‌ಮೆಂಟ್ ಸಂಘಗಳಿಗೂ ಇದೇ ಮಾತು.

ತಯಾರಕರು ಮಾಡಬೇಕಾದದ್ದೂ ಇದೆ. ನಮ್ಮ ದೇಶದಲ್ಲಿ ಸೀಟಿನ ಬೆನ್ನಿಗೆ ತಂಪು ಗಾಳಿ ಊದುವ ಸೌಲಭ್ಯ ಸುಲಭವಾಗಿ ಸಿಗುತ್ತದೆ, ಸೀಟನ್ನು ಬಿಸಿ ಮಾಡುವ ಸೌಲಭ್ಯ ಅಪರೂಪ. ಬಿಸಿ ಸೀಟಿಗೆ ನೂರು ವಾಟ್ ಒಳಗಿನ ವಿದ್ಯುತ್ ಸಾಕು. ಇಡೀ ಕ್ಯಾಬಿನ್ ಕಾಯಿಸಲು ಅದರ ಹತ್ತಾರು ಪಟ್ಟು ಶಕ್ತಿ ಬೇಕು. ಹೈಬ್ರಿಡ್‌ಗೆ ಹೇಳಿ ಮಾಡಿಸಿದ ಸೌಲಭ್ಯವದು. ಚಳಿಯ ಸಮಸ್ಯೆಗೆ ಎಂಜಿನಿಯರುಗಳು ಪರಿಹಾರ ಹುಡುಕಿದ್ದೂ ಹೊಸತಲ್ಲ. ಎರಡನೇ ಪೀಳಿಗೆಯ ಪ್ರಿಯಸ್ ಕಾರನ್ನು ಅಮೆರಿಕದಲ್ಲಿ ಮಾರುವಾಗ ಅದರಲ್ಲಿ ಥರ್ಮಾಸ್ ಫ್ಲಾಸ್ಕಿನಂಥ ಪಾತ್ರೆಯೊಂದನ್ನು ಇಟ್ಟಿದ್ದರು. ಹಿಂದಿನ ಓಡಾಟದ ಬಿಸಿ ಕೂಲಂಟನ್ನು ಅದು ಕಾಪಿಟ್ಟು, ಮರುದಿನ ಎಂಜಿನ್ನಿಗೆ ಕೊಡುತ್ತಿತ್ತು. ಮುಂದಿನ ಪೀಳಿಗೆಯಲ್ಲಿ ಹೊಗೆಯ ಶಾಖವನ್ನೇ ಹಿಡಿದು ಕೂಲಂಟ್ ಕಾಯಿಸುವ ವ್ಯವಸ್ಥೆ ಬಂತು. ಇಲ್ಲಿಯ ಕೊಳ್ಳುಗರು ಕೇಳಿದರೆ ಇಲ್ಲಿಗೂ ಏನಾದರೊಂದು ಬರುತ್ತದೆ. ಅಷ್ಟಾಗದಿದ್ದರೂ, ಕಾರು ಕೈಗಿಡುವ ದಿನ ಮಾರಾಟದವರು ಹೀಟರ್ ಬಗ್ಗೆ ಎರಡು ಮಾತು ಹೇಳಿದರೆ ಅರ್ಧ ದೂರು ಕಡಿಮೆಯಾದೀತು.

ಮುಂಬೈ, ಚೆನ್ನೈನ ಓದುಗರು ಇದನ್ನೆಲ್ಲ ಓದಿ ನಕ್ಕಾರು. ಅವರಿಗೆ ಹೀಟರ್ ಗುಂಡಿ ಅಲಂಕಾರ ಮಾತ್ರ. ಪುಣೆ, ಹೈದರಾಬಾದಿನವರಿಗೂ ವರ್ಷಕ್ಕೆ ಹತ್ತಿಪ್ಪತ್ತು ಬೆಳಗಿನ ಮಾತು. ಆದರೆ ಹೊರನಾಡ ಕನ್ನಡಿಗರ ನೌಕರಿ ಯಾವ ವರ್ಷ ಯಾರನ್ನು ಯಾವ ಊರಿಗೆ ಎತ್ತಿ ಹಾಕುತ್ತದೋ ಹೇಳಲಾಗದು. ಹೊಸ ಊರಿನ ಭಾಷೆ, ಊಟ ಕಲಿತ ಹಾಗೆ ಅಲ್ಲಿನ ಚಳಿಯನ್ನೂ ಕಲಿಯಬೇಕು.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ದೆಹಲಿಯಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಅಲ್ಲಿಯವರೆಗೆ ಹೀಟರ್ ಇಪ್ಪತ್ತೊಂದರಲ್ಲಿರಲಿ, ಕಂಬಳಿ ಕೈಗೆಟುಕುವಲ್ಲಿರಲಿ, ನಿಂತ ಕಾರು ಪೂರ್ತಿ ಆರಿರಲಿ.